ಬೇಗಡೆ: ಪದವೂ ಪದಾರ್ಥವೂ

ಒಡವೆ, ವಸ್ತ್ರ, ಸಿಂಗಾರದ ಹಳೆಯ ಪದಗಳ ಬಗ್ಗೆ ಬರೆಯಿರಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪದದ ಸುತ್ತ ಸುತ್ತಿವೆ: ಬೇಗಡೆ. ಹಾಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಪದದ ಪ್ರಶ್ನೆಗಳಿಗೆ ನುಡಿ ಬಲ್ಲವರು, ಕೈಕೆಲಸದ ಪ್ರಶ್ನೆಗಳಿಗೆ ವೇಷಭೂಷಣ ಮತ್ತು ಒಡವೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಮದುವೆ ಮಂಟಪ ನೋಡಿ ನಮ್ಮ ಸೋದರತ್ತೆ, "ಎಲ್ಲಾ ಬೇಗಡೆ ಕಣೇ, ಹುಡುಕಿದರೂ ಒಂದು ಮಾವಿನೆಲೆ ಇಲ್ಲ" ಅಂದರು. ಬೇಗಡೆ ಅಂದರೆ ಏನು? ಬೈಗುಳವೇ? ಬರವಣಿಗೆಯಲ್ಲಿ ಬಳಸಬಹುದೇ? — ಓದುಗರು, ಹಾಸನ

ಬೇಗಡೆ ಮೊದಲಿಗೆ ಒಂದು ವಸ್ತು, ಆಮೇಲೆ ಒಂದು ಟೀಕೆ. ಹಿತ್ತಾಳೆ, ತಾಮ್ರ, ತವರದಂಥ ಲೋಹವನ್ನು ಕಾಗದದಷ್ಟು ತೆಳ್ಳಗೆ ತಟ್ಟಿ, ಕೆಲವೊಮ್ಮೆ ಮೇಲೆ ಬಣ್ಣದ ಮೆರುಗು ಕೊಟ್ಟ ಹಾಳೆಗೆ ಆ ಹೆಸರು. ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ. ಊದಿದರೆ ಚರಪರ ಸದ್ದು ಮಾಡಿ ನಡುಗುತ್ತದೆ. ಉಗುರು ತಾಗಿದಲ್ಲಿ ಗೆರೆ ಬೀಳುತ್ತದೆ, ಒಮ್ಮೆ ಮಡಿಸಿದ ಗುರುತು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಾಸಿಂಗ, ಕೋಲಾಟದ ಕೋಲು, ಬೊಂಬೆಯ ಕಿರೀಟ, ಯಕ್ಷಗಾನದ ಭುಜಕೀರ್ತಿ, ಗಣಪತಿಯ ಮಂಟಪ, ಹೀಗೆ ಹೊಳಪು ಬೇಕಾದ, ಆದರೆ ಚಿನ್ನ ಹಾಕಲಾಗದ ಕಡೆಯಲ್ಲೆಲ್ಲ ಇದರ ಬಳಕೆ. ಈಗ ಲೋಹದ ಹಾಳೆಯ ಜಾಗಕ್ಕೆ ಬಣ್ಣದ ಅಲ್ಯುಮಿನಿಯಂ ಹಾಳೆಯೂ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯೂ ಬಂದಿವೆ. ಹೆಸರು ಮಾತ್ರ ಹಳೆಯದೇ.

ಈ ವಸ್ತುವಿನ ಗುಣದಿಂದಲೇ ಎರಡನೆಯ ಅರ್ಥ ಹುಟ್ಟಿದ್ದು: ಕಣ್ಣು ಕುಕ್ಕುವ, ಆದರೆ ಒಳಗೆ ಸತ್ವವಿಲ್ಲದ ಅಲಂಕಾರ. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಬರೀ ಅತಿಯಾದ ಅಲಂಕಾರಕ್ಕೆ ಬೇಗಡೆ ಎನ್ನುವುದಿಲ್ಲ. ಮೈತುಂಬ ಅಪ್ಪಟ ಚಿನ್ನ ಹೇರಿಕೊಂಡು ಬಂದರೆ ಅದು ಆಡಂಬರವಾದೀತು, ಬೇಗಡೆಯಾಗದು. ಹೊಳಪಿರಬೇಕು, ಆ ಹೊಳಪು ತೀರ ತೆಳುವಾಗಿರಬೇಕು, ಅದರ ಅಡಿಯಲ್ಲಿ ಇರುವುದು ಬೇರೆಯೇ ಪದಾರ್ಥವಾಗಿರಬೇಕು. ಈ ಮೂರೂ ಕೂಡಿದರೇ ಬೇಗಡೆ. ನಿಮ್ಮ ಸೋದರತ್ತೆ ಪದವನ್ನು ಅಚ್ಚುಕಟ್ಟಾಗಿ ಬಳಸಿದ್ದಾರೆ. ಮಾವಿನೆಲೆಯ ಜಾಗದಲ್ಲಿ ಮಿನುಗುವ ಪ್ಲಾಸ್ಟಿಕ್ ಎಲೆ ಕಟ್ಟಿದ್ದೇ ಅವರ ತಕರಾರು. ಖರ್ಚು ಹೆಚ್ಚಾಯಿತು ಎಂದು ಅವರು ಹೇಳಲಿಲ್ಲ.

ಇದು ಬೈಗುಳವಲ್ಲ, ಮೌಲ್ಯಮಾಪನ. ಬರವಣಿಗೆಯಲ್ಲಿ ಧಾರಾಳವಾಗಿ ಬಳಸಬಹುದು. "ಭಾಷಣದಲ್ಲಿ ಬೇಗಡೆಯೇ ಹೆಚ್ಚು, ಸರಕು ಕಡಿಮೆ", "ಕಥೆಗೆ ಅಷ್ಟು ಬೇಗಡೆ ಹಚ್ಚುವ ಅಗತ್ಯವಿರಲಿಲ್ಲ": ಎರಡೂ ಸಹಜ. ಆದರೆ "ಅವಳು ಬೇಗಡೆಯಾಗಿ ಬಂದಳು" ಎಂದರೆ ಕಿವಿಗೆ ಒಗ್ಗದು. ಇದು ನಾಮಪದ, ವಸ್ತುವಾಚಕ. ಮನುಷ್ಯರ ಮೇಲೆ ನೇರವಾಗಿ ಕೂರುವುದಿಲ್ಲ, ಅವರು ಹಚ್ಚಿಕೊಂಡದ್ದರ ಮೇಲೆ ಕೂರುತ್ತದೆ. ಜೊತೆಗೆ ಬರುವ ಕ್ರಿಯಾಪದ ಹಚ್ಚು, ಅಂಟಿಸು, ಕಟ್ಟು. "ಬೇಗಡೆ ತೊಡು" ಎನ್ನುವುದು ತಪ್ಪು. ತೊಡುವುದು ಒಡವೆ, ಒಡವೆಗೆ ಹಚ್ಚುವುದು ಬೇಗಡೆ.

ಕಾಗುಣಿತದ ಬಗ್ಗೆಯೂ ಎಚ್ಚರ ಬೇಕು. "ಬೇ" ದೀರ್ಘ. ಹ್ರಸ್ವ ಮಾಡಿದರೆ ಹಳಗನ್ನಡದ "ಬೆಗಡು" ನೆನಪಾಗುತ್ತದೆ. ಅದರ ಅರ್ಥ ಹೆದರಿಕೆ, ಬೆರಗು. ಬೇಗುದಿಯೂ ಬೇರೆಯೇ ಪದ, ಅದು ಮನಸ್ಸಿನ ಕುದಿತ. ತೆಲುಗು ಬಲ್ಲವರಿಗೆ ಈ ಪದ "ಬೇಗಡ" ಎಂಬ ರೂಪದಲ್ಲಿ ಇದೇ ಅರ್ಥದಲ್ಲಿ ಪರಿಚಿತ.

ಥಳುಕು, ಬೆಡಗು, ಆಡಂಬರ, ಡೌಲು, ಗಿಲೀಟು, ಕಾಗೆ ಬಂಗಾರ: ಇವೆಲ್ಲ ಬೇಗಡೆಗೆ ಸಮಾನಪದಗಳೇ? — ಕನ್ನಡ ಅಧ್ಯಾಪಕರು, ಮೈಸೂರು

ಅಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಜಾರುತ್ತದೆ.

ಇವುಗಳಲ್ಲಿ ಹೆಚ್ಚು ಅನ್ಯಾಯಕ್ಕೊಳಗಾದದ್ದು ಬೆಡಗು. ಈಗ ಬೆಡಗು ಎಂದರೆ ಒಯ್ಯಾರ, ಬಿನ್ನಾಣದ ಜೊತೆ ಸೇರಿಸಿ ಸ್ವಲ್ಪ ಕೊಂಕಾಗಿ ಆಡುತ್ತೇವೆ. ಹಳಗನ್ನಡದ "ಬೆಡಂಗು" ಅಪ್ಪಟ ಹೊಗಳಿಕೆ. 997ರಿಂದ 1008ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಸತ್ಯಾಶ್ರಯನಿಗೆ "ಇರಿವಬೆಡಂಗ" ಎಂಬ ಬಿರುದಿತ್ತು. ಯುದ್ಧದಲ್ಲಿ ಇರಿಯುವುದರಲ್ಲೂ ಸೊಗಸುಳ್ಳವನು ಎಂದು. ಶರಣರ ಬೆಡಗಿನ ವಚನಗಳಲ್ಲಿ ಅದೇ ಪದ ಅರ್ಥವನ್ನು ಮುಚ್ಚಿಟ್ಟು ಹೇಳುವ ಚಮತ್ಕಾರವಾಗಿದೆ. ಬೆಡಗಿನಲ್ಲಿ ಒಳಗೆ ಏನೋ ಇದೆ, ಬೇಗಡೆಯಲ್ಲಿ ಇಲ್ಲ. ಇವೆರಡನ್ನು ಸಮಾನಪದ ಎಂದು ಮಕ್ಕಳಿಗೆ ಬರೆಸಬೇಡಿ.

ಥಳುಕು ಬರೀ ಹೊಳಪಿನ ಕಡೆಗೆ ಬೆರಳು ಮಾಡುತ್ತದೆ. "ಮೇಲೆ ಥಳುಕು, ಒಳಗೆ ಹುಳುಕು" ಎಂಬ ಗಾದೆಯಲ್ಲಿ ಪೊಳ್ಳುತನ ಹೇಳಲು ಹುಳುಕು ಎಂಬ ಇನ್ನೊಂದು ಪದ ಬೇಕಾಯಿತು ನೋಡಿ. ಬೇಗಡೆ ಎಂದರೆ ಎರಡೂ ಒಂದೇ ಪದದಲ್ಲಿ ಬಂದುಬಿಡುತ್ತದೆ. ಇಲ್ಲಿ ಪತ್ರಿಕೆಗಳಲ್ಲಿ ದಿನಾ ಕಾಣುವ ಒಂದು ಗೊಂದಲವನ್ನೂ ಹೇಳಬೇಕು: ಒಂದಕ್ಕೊಂದು ಹೆಣೆದುಕೊಳ್ಳುವುದು "ತಳುಕು ಹಾಕಿಕೊಳ್ಳುವುದು", ಅಲ್ಪಪ್ರಾಣ. ಹೊಳಪು "ಥಳುಕು", ಮಹಾಪ್ರಾಣ. "ಎರಡು ಪ್ರಕರಣಗಳನ್ನು ಥಳುಕು ಹಾಕಬೇಡಿ" ಎಂದು ಬರೆದರೆ ತಪ್ಪು.

ಆಡಂಬರ ಪ್ರಮಾಣದ ಮಾತು, ಅಗತ್ಯಕ್ಕಿಂತ ಹೆಚ್ಚು ಎಂದಷ್ಟೇ. ಡೌಲು ಮನುಷ್ಯನ ನಡೆಗೆ ಸಂಬಂಧಿಸಿದ್ದು. ಡೌಲು ಹೊಡೆಯುತ್ತಾರೆ, ಹಚ್ಚುವುದಿಲ್ಲ.

ಗಿಲೀಟು ಇಂಗ್ಲಿಷಿನಿಂದ ಬಂದು ಕನ್ನಡವೇ ಆಗಿಹೋದ ಪದ. ಕೀಳು ಲೋಹಕ್ಕೆ ಚಿನ್ನದ ನೀರು ಕೊಟ್ಟದ್ದು ಗಿಲೀಟು. ಬೇಗಡೆಗೂ ಇದಕ್ಕೂ ಇರುವ ಅಂತರ ಉದ್ದೇಶದ್ದು. ಗಿಲೀಟಿನ ಬಳೆ ತನ್ನನ್ನು ಚಿನ್ನವೆಂದು ನಂಬಿಸಲು ನೋಡುತ್ತದೆ. ಬೇಗಡೆ ಯಾರನ್ನೂ ವಂಚಿಸುವುದಿಲ್ಲ. ಕೋಲಾಟದ ಕೋಲಿಗೆ ಸುತ್ತಿದ್ದು ಚಿನ್ನ ಎಂದು ಯಾರೂ ತಿಳಿಯುವುದಿಲ್ಲವಷ್ಟೆ. ಹಾಗಾಗಿ ಮೋಸವಿದ್ದಲ್ಲಿ ಗಿಲೀಟು, ಪೊಳ್ಳು ಮೆರುಗು ಇದ್ದಲ್ಲಿ ಬೇಗಡೆ ಎಂದು ಬಳಸಿದರೆ ಭಾಷೆ ಹರಿತವಾಗುತ್ತದೆ.

ಕಾಗೆ ಬಂಗಾರ ಎಂದು ಮಣ್ಣಿನಲ್ಲಿ, ಕಲ್ಲಿನಲ್ಲಿ ಮಿನುಗುವ ಅಭ್ರಕದ ಚೂರಿಗೆ ಹೇಳುವುದು. ಪದರ ಪದರವಾಗಿ ಸುಲಿದು ಬರುತ್ತದೆ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಅದು ನಿಸರ್ಗದ ಹೊಳಪು, ಬೇಗಡೆ ಕೈಯಿಂದ ಮಾಡಿದ್ದು. ಇನ್ನು ಅಪ್ಪಟ ಚಿನ್ನವನ್ನೇ ತಟ್ಟಿ ಮಾಡಿದ ಹಾಳೆಗೆ "ರೇಕು" ಎಂಬ ಪದ ಇದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಕೂರಿಸುವುದು ಚಿನ್ನದ ರೇಕನ್ನು. ಅದನ್ನು ಬೇಗಡೆ ಎಂದರೆ ಕಲಾವಿದರಿಗೆ ನೋವಾದೀತು.

ನಮ್ಮ ಶಾಲೆಯ ಯಕ್ಷಗಾನ ತಂಡಕ್ಕೆ ಮರದ ಹಳೆಯ ಎದೆಕಟ್ಟು, ಭುಜಕೀರ್ತಿ ಸಿಕ್ಕಿವೆ. ಬೇಗಡೆ ಕಿತ್ತುಹೋಗಿದೆ. ನಾವೇ ಅಂಟಿಸಿದಾಗ ಸುಕ್ಕು ಬಿತ್ತು. ಎರಡು ತಿಂಗಳಲ್ಲಿ ಕಪ್ಪು ಚುಕ್ಕೆಗಳೂ ಬಂದವು. ಸರಿಯಾದ ಕ್ರಮ ಯಾವುದು? — ಶಿಕ್ಷಕರು, ಕುಂದಾಪುರ

ಸುಕ್ಕಿಗೂ ಚುಕ್ಕೆಗೂ ಕಾರಣ ಬೇರೆ ಬೇರೆ. ಮೊದಲು ಚುಕ್ಕೆಯ ವಿಷಯ.

ಹುಳ ತಿನ್ನದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತು ಹಾಕುವುದು ಹಳೆಯ ರೂಢಿ. ಪುಸ್ತಕದ ರಟ್ಟಿಗೆ ಅದು ಸರಿ. ಆದರೆ ಮೈಲುತುತ್ತು ತಾಮ್ರದ ಲವಣ. ಈಗ ಅಂಗಡಿಯಲ್ಲಿ ಸಿಗುವ ಬೇಗಡೆಯಲ್ಲಿ ಬಹುಪಾಲು ಅಲ್ಯುಮಿನಿಯಂ. ಒದ್ದೆ ಅಂಟಿನಲ್ಲಿ ಇವೆರಡೂ ಸೇರಿದರೆ ಅಲ್ಯುಮಿನಿಯಂ ಕರಗಿ ತಾಮ್ರ ಅದರ ಜಾಗದಲ್ಲಿ ಕೂರುತ್ತದೆ, ಹಾಳೆಗೆ ಸೂಜಿಮೊನೆಯಂಥ ತೂತು ಬಿದ್ದು ಕಂದು-ಕಪ್ಪು ಕಲೆ ಹರಡುತ್ತದೆ. ಕರಾವಳಿಯ ಉಪ್ಪುಗಾಳಿ, ವೇಷಧಾರಿಯ ಬೆವರು ಇದನ್ನು ಇನ್ನೂ ಚುರುಕು ಮಾಡುತ್ತವೆ. ನಿಮ್ಮ ಅಂಟಿನಲ್ಲಿ ಮೈಲುತುತ್ತು ಇತ್ತೇ ಎಂದು ವಿಚಾರಿಸಿ, ಇದ್ದರೆ ಅದೇ ಅಪರಾಧಿ. ಮಕ್ಕಳು ಮುಟ್ಟುವ ಸಾಮಾನಿಗೆ ಆ ವಿಷ ಬೇಡವೂ ಬೇಡ.

ಇನ್ನು ಕ್ರಮ. ಹಳೆಯ ಬೇಗಡೆಯನ್ನು ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟು ಮೊಂಡು ಚಾಕುವಿನಿಂದ ಎಬ್ಬಿಸಿ. ನೀರಿನಲ್ಲಿ ಮುಳುಗಿಸಬೇಡಿ. ಈ ಆಭರಣಗಳನ್ನು ಭಾರವಾಗದಿರಲಿ ಎಂದು ಹಗುರ ಮರದಲ್ಲೇ ಕೆತ್ತುತ್ತಾರೆ. ಅಂಥ ಮರ ನೀರು ಕುಡಿದರೆ ಉಬ್ಬಿ, ಒಣಗುವಾಗ ಬಿರಿಯುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿ, 120ನೇ ನಂಬರಿನ ಮರಳು ಕಾಗದದಿಂದ ಉಜ್ಜಿ, ಆಮೇಲೆ 220ರಿಂದ. ಕುಳಿ, ಬಿರುಕು ಇದ್ದಲ್ಲಿ ಸೀಮೆಸುಣ್ಣದ ಪುಡಿಯನ್ನು ಮರಗೆಲಸದ ಬಿಳಿ ಅಂಟಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ. ಇದನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಬೇಗಡೆ ಎಷ್ಟು ತೆಳುವೆಂದರೆ ಅಡಿಯಲ್ಲಿರುವ ಸಾಸಿವೆಯಷ್ಟು ಉಬ್ಬೂ ದೀಪದ ಬೆಳಕಿಗೆ ನೆಲ್ಲಿಕಾಯಿಯಷ್ಟಾಗಿ ಕಾಣುತ್ತದೆ.

ಅಂಟಿಗೆ ಹುಣಸೆ ಬೀಜದ ಸರಿ, ಅಂದರೆ ಕಾಯಿಸಿ ಮಾಡಿದ ಗಂಜಿ, ಇಂದಿಗೂ ಒಳ್ಳೆಯದು. ಬೀಜ ಹುರಿದು, ಕಂದು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ. ಒಣ ಬೇಳೆಯ ತೂಕ 100 ಗ್ರಾಂ ಇದ್ದರೆ ಒಟ್ಟು ನೀರು ಸುಮಾರು 1 ಲೀಟರ್. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಇಪ್ಪತ್ತು-ಮೂವತ್ತು ನಿಮಿಷ ಕಾಯಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೌಟಿನಿಂದ ದಾರದಂತೆ ಇಳಿದರೆ ಹದ ಸರಿ. ಬೀಜಕ್ಕೆ ಹಣ್ಣಿನ ತಿರುಳು ಅಂಟಿಕೊಂಡಿರಬಾರದು. ತಿರುಳಿನ ಹುಳಿ ಹಿತ್ತಾಳೆ ಬೇಗಡೆಯನ್ನು ಹಸಿರುಗಟ್ಟಿಸುತ್ತದೆ. ಮಾಡಿದ ದಿನವೇ ಬಳಸಿ, ಮರುದಿನಕ್ಕೆ ಹುಳಿ ವಾಸನೆ ಬಂದರೆ ಚೆಲ್ಲಿ. ಇಷ್ಟು ಪುರುಸೊತ್ತಿಲ್ಲದಿದ್ದರೆ ಮರಗೆಲಸದ ಬಿಳಿ ಅಂಟು ಸಾಕು, ಮೂರು ಪಾಲು ಅಂಟಿಗೆ ಒಂದು ಪಾಲು ನೀರು.

ಈಗ ಸುಕ್ಕು. ಲೋಹದ ಹಾಳೆಯ ಮೂಲಕ ನೀರಿನ ತೇವ ಆವಿಯಾಗಿ ಹೋಗಲಾರದು. ಅಂಟು ದಪ್ಪವಾಗಿ ಬಳಿದರೆ ತೇವ ಅಡಿಯಲ್ಲೇ ಸಿಕ್ಕಿಕೊಂಡು ಹಾಳೆ ಜಾರುತ್ತದೆ, ಗುಳ್ಳೆ ಏಳುತ್ತದೆ. ಹಾಗಾಗಿ ಅಂಟನ್ನು ಮರಕ್ಕೆ ಬಳಿಯಿರಿ, ಬೇಗಡೆಗೆ ಬೇಡ. ತೆಳ್ಳಗೆ ಒಂದು ಪದರ. ಬೆರಳ ಹಿಂಬದಿ ತಾಗಿಸಿದರೆ ಅಂಟಬೇಕು, ಆದರೆ ಬೆರಳಿಗೆ ಬಿಳಿ ಬರಬಾರದು. ಆ ಹದಕ್ಕೆ ಬಂದ ಮೇಲೆ ಹಾಳೆ ಇಡಿ. ಹಾಳೆಯನ್ನು ಅಳತೆಗಿಂತ ಎಲ್ಲ ಕಡೆ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿರಬೇಕು. ನಡುವಿನಿಂದ ಅಂಚಿನ ಕಡೆಗೆ ಹತ್ತಿಯ ಉಂಡೆಯಿಂದ ಒತ್ತುತ್ತ ಹೋಗಿ. ಕೆತ್ತನೆಯ ಸಂದಿಗೆ ತುದಿ ದುಂಡಗೆ ಮಾಡಿದ ಬಿದಿರು ಕಡ್ಡಿ. ಪೆನ್ಸಿಲ್ ತುದಿಯಿಂದ ಒತ್ತಿದರೆ ಹರಿಯುತ್ತದೆ. ಬಾಗಿದ ಅಂಚಿನಲ್ಲಿ ಅರ್ಧ ಸೆಂಟಿಮೀಟರಿಗೊಂದರಂತೆ ಕತ್ತರಿ ಗೀರು ಕೊಟ್ಟು, ಒಂದೊಂದೇ ನಾಲಗೆಯನ್ನು ಹಿಂದಕ್ಕೆ ಮಡಿಸಿ ಅಂಟಿಸಿ. ಉಬ್ಬಿದ ಗುಂಡಿಗೆ ಒಂದೇ ಹಾಳೆ ಹೊದಿಸಲು ಹೋಗಬೇಡಿ. ಚಪ್ಪಟೆ ಹಾಳೆ ದುಂಡಗಿನ ಮೈಗೆ ಸುಕ್ಕಿಲ್ಲದೆ ಕೂರುವುದೇ ಇಲ್ಲ. ಹೂವಿನ ಎಸಳಿನಂತೆ ಆರೋ ಎಂಟೋ ತುಂಡು ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಅಕ್ಕಿಕಾಳಿನಷ್ಟು ಬರುವಂತೆ ಇಡಿ. ಕನ್ನಡಿ ಚೂರು, ಮಣಿ, ಬಣ್ಣದ ಗೆರೆ ಎಲ್ಲ ಬೇಗಡೆ ಪೂರ್ತಿ ಒಣಗಿದ ಮೇಲೆ, ಅಂದರೆ ಒಂದು ಇಡೀ ದಿನ ಬಿಟ್ಟು.

ಆಟ ಮುಗಿದ ಮೇಲೆ ಚೌಕಿಯಲ್ಲೇ, ಅಂದರೆ ವೇಷ ಕಟ್ಟುವ ಕೋಣೆಯಲ್ಲೇ, ಒಣ ಹತ್ತಿ ಬಟ್ಟೆಯಿಂದ ಬೆವರು ಒರೆಸಿ, ಗಾಳಿಗೆ ಇಟ್ಟು, ಆಮೇಲೆ ಹತ್ತಿ ಬಟ್ಟೆಯಲ್ಲೇ ಸುತ್ತಿ ಪೆಟ್ಟಿಗೆಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ವೇಳೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಆಮೇಲಿನ ಮಳೆಯ ತಿಂಗಳುಗಳಲ್ಲೇ ಮುಚ್ಚಿಟ್ಟ ಸಾಮಾನು ಹಾಳಾಗುವುದು. ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ಗಾಳಿ ಕಾಣಿಸಿ.

ಅದೇ ತಂಡದ ಇನ್ನೊಂದು ಪ್ರಶ್ನೆ: ಎಲ್‌ಇಡಿ ದೀಪ ಹಾಕಿದ ರಂಗದಲ್ಲಿ ನಮ್ಮ ಹೊಸ ಬೇಗಡೆ ಬಿಳಿಚಿಕೊಂಡು ಕಾಣುತ್ತದೆ. ಬೇರೆ ಬೇಗಡೆ ತರಿಸಬೇಕೆ?

ಬೇಗಡೆ ಬದಲಿಸುವ ಮೊದಲು ದೀಪ ಬದಲಿಸಿ. ದೀವಟಿಗೆಯ ಬೆಳಕು ಹಳದಿ, ಮೇಲಾಗಿ ಅಲುಗಾಡುವಂಥದ್ದು. ವೇಷಧಾರಿ ಭುಜ ತಿರುಗಿಸಿದಂತೆಲ್ಲ ಕೆತ್ತನೆಯ ಒಂದೊಂದು ಮುಖ ಹತ್ತಿ ಆರುತ್ತದೆ. ಬೇಗಡೆಯ ಜೀವ ಇರುವುದು ಆ ಹತ್ತಿ ಆರುವುದರಲ್ಲಿ. ಬೆಳ್ಳನೆಯ ಎಲ್‌ಇಡಿ, ಅಂದರೆ 6500 ಕೆಲ್ವಿನ್ ಎಂದು ಬರೆದಿರುವಂಥದ್ದು, ಎದುರಿನಿಂದ ಒಂದೇ ಸಮ ಹೊಡೆದರೆ ಚಿನ್ನದ ಬಣ್ಣ ಸತ್ತು ತಗಡಿನಂತೆ ಕಾಣುತ್ತದೆ. 2700ರಿಂದ 3000 ಕೆಲ್ವಿನ್‌ನ ದೀಪ ಕೇಳಿ, ಎದುರಿನಿಂದ ಬೇಡ, ಎರಡು ಬದಿಯಿಂದ ಓರೆಯಾಗಿ ಬಿಡಿ. ದೀಪ ನಿಮ್ಮ ಕೈಯಲ್ಲಿಲ್ಲದಿದ್ದರೆ, ಅಂಟಿಸುವ ಮೊದಲು ಬೇಗಡೆಯನ್ನು ಒಮ್ಮೆ ಹಗುರಾಗಿ ಮುದುರಿ, ಬಿಡಿಸಿ, ಅಂಗೈಯಿಂದ ಸವರಿ. ಸಣ್ಣ ಸಣ್ಣ ಮಡಿಕೆಗಳು ಬೆಳಕನ್ನು ಚದುರಿಸುತ್ತವೆ. ಸುಕ್ಕು ಬೇಡ ಎಂದು ಮೇಲೆ ಅಷ್ಟೆಲ್ಲ ಹೇಳಿದ್ದು ಅಂಟಿನಿಂದ ಬರುವ ಸುಕ್ಕಿಗೆ. ಬೇಕೆಂದೇ ಮಾಡಿದ ಈ ಮಡಿಕೆಗೆ ಅದು ಅನ್ವಯಿಸದು.

ಬಾಸಿಂಗಕ್ಕೆ ಬೆಂಡಿನ ಮೇಲೆ ಬೇಗಡೆ ಅಂಟಿಸಿದರೆ ಒಣಗುವಾಗ ಬೆಂಡು ಸೊಟ್ಟಗಾಗುತ್ತದೆ. ಏಕೆ? — ಓದುಗರು, ಧಾರವಾಡ

ಬೆಂಡು ಅಂಟಿನ ನೀರನ್ನು ಒಂದೇ ಮುಖದಿಂದ ಹೀರಿ ಹಿಗ್ಗುತ್ತದೆ, ಒಣಗುವಾಗ ಆ ಮುಖವೇ ಕುಗ್ಗಿ ಎಳೆಯುತ್ತದೆ. ಹಿಂಬದಿಗೂ ಅದೇ ಹೊತ್ತಿಗೆ, ಅದೇ ಅಂಟಿನಿಂದ ತೆಳು ಕಾಗದ ಅಂಟಿಸಿದರೆ ಎಳೆತ ಎರಡೂ ಕಡೆ ಸಮವಾಗುತ್ತದೆ. ಮರದ ಕೆಲಸಕ್ಕೆ ಹೇಳಿದ್ದಕ್ಕಿಂತ ಇಲ್ಲಿ ಕ್ರಮ ತಿರುವುಮುರುವು: ಅಂಟನ್ನು ಬೆಂಡಿಗೆ ಬಳಿಯದೆ ಬೇಗಡೆಗೆ ಬಳಿಯಿರಿ. ರಾತ್ರಿಯಿಡೀ ಎರಡು ಹಲಗೆಯ ನಡುವೆ ಇಟ್ಟು ಮೇಲೆ ಒಂದು ದಪ್ಪ ಪುಸ್ತಕದಷ್ಟು ಭಾರ ಹೇರಿ. ಅದಕ್ಕಿಂತ ಹೆಚ್ಚಾದರೆ ಬೆಂಡು ಅಪ್ಪಚ್ಚಿಯಾಗುತ್ತದೆ.

ಅಜ್ಜಿಯ ಕೆಂಪಿನ ಓಲೆ ಅಂಟುವಾಳದ ನೀರಲ್ಲಿ ತೊಳೆದ ಮೇಲೆ ಎರಡು ಕಲ್ಲು ಕಪ್ಪಾದವು. ಅಂಗಡಿಯಲ್ಲಿ "ಒಳಗೆ ಬೇಗಡೆ ಹೋಗಿದೆ" ಅಂದರು. ಹಾಗಾದರೆ ಅಜ್ಜಿಯ ಓಲೆ ನಕಲಿಯೇ? — ಓದುಗರು, ಬೆಂಗಳೂರು

ಖಂಡಿತ ಅಲ್ಲ, ಆ ಅನುಮಾನ ಬಿಟ್ಟುಬಿಡಿ. ಹಿಂಬದಿ ಮುಚ್ಚಿ ಕಲ್ಲು ಕೂರಿಸುವ ಹಳೆಯ ಪದ್ಧತಿಯಲ್ಲಿ ಕಲ್ಲಿನ ಅಡಿಗೆ ಹೊಳೆಯುವ ತೆಳು ಹಾಳೆ ಇಡುವುದು ಕೆಲಸದ ಭಾಗವೇ. ಒಳಗೆ ಹೋದ ಬೆಳಕು ಆ ಹಾಳೆಗೆ ತಾಗಿ ಹಿಂದಿರುಗಿ ಕಲ್ಲಿನ ಬಣ್ಣ ಹೊತ್ತು ಬರುತ್ತದೆ. ಅಪ್ಪಟ ಮಾಣಿಕ್ಯಕ್ಕೂ ಹೀಗೆ ಇಡುತ್ತಿದ್ದರು. ಬೇಗಡೆ ಎಂಬ ಪದಕ್ಕೆ ಇಲ್ಲಿ ಪೊಳ್ಳು ಎಂಬ ಅರ್ಥವೇ ಇಲ್ಲ. ಕಲ್ಲನ್ನು ಬೆಳಗಿಸುವುದು ಅದರ ಕೆಲಸ.

ಆಗಿದ್ದು ಇಷ್ಟು: ಕಲ್ಲಿನ ಸುತ್ತಲಿನ ಕಟ್ಟಿನಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು. ನೆನೆಹಾಕಿದಾಗ ನೀರು ಒಳಗೆ ಇಳಿಯಿತು, ಹೊರಗೆ ಬರಲು ದಾರಿ ಇರಲಿಲ್ಲ, ಹಾಳೆ ಕಪ್ಪಾಯಿತು. ಕಲ್ಲಿಗೆ ಏನೂ ಆಗಿಲ್ಲ. ಒಡವೆಯನ್ನು ಓರೆಯಾಗಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಕಪ್ಪು ಅಂಚಿನಿಂದ ನಡುವಿನ ಕಡೆಗೆ ಹಬ್ಬಿದ್ದರೆ ಇದೇ ಕಾರಣ. ನಡುವಿನಲ್ಲಿ ಮಾತ್ರ ಗೆರೆಯಂತೆ ಇದ್ದರೆ ಕಲ್ಲೇ ಬಿರುಕು ಬಿಟ್ಟಿರಬಹುದು.

ಕಲ್ಲು ತೆಗೆದು, ಹೊಸ ಹಾಳೆ ಇಟ್ಟು, ಮತ್ತೆ ಕೂರಿಸಿದರೆ ಓಲೆ ಮೊದಲಿನಂತಾಗುತ್ತದೆ. ಹಳೆಯ ಕೆಲಸ ಬಲ್ಲ ಅಕ್ಕಸಾಲಿಗರ ಬಳಿಯೇ ಕೊಡಿ. ಕಲ್ಲುಗಳ ಎಣಿಕೆ, ಒಟ್ಟು ತೂಕ ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು, ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಪ್ಪಾದ ಎರಡೇ ಕಲ್ಲಿಗೆ ಹೊಸ ಹಾಳೆ ಹಾಕಿದರೆ ಅವು ಉಳಿದವುಗಳಿಗಿಂತ ಪ್ರಕಾಶವಾಗಿ ಬೇರೆಯೇ ಕಾಣುತ್ತವೆ. ಒಂದು ಓಲೆಯ ಎಲ್ಲ ಕಲ್ಲಿಗೂ ಒಟ್ಟಿಗೆ ಹಾಕಿಸುವುದೇ ಮೇಲು, ಜೋಡಿಯ ಇನ್ನೊಂದಕ್ಕೂ.

ಇನ್ನು ಮುಂದೆ ಇಂಥ ಒಡವೆಯನ್ನು ನೀರಿಗೆ ಹಾಕಲೇಬೇಡಿ. ಅಂಟುವಾಳ, ಸೋಪು, ಟೂತ್‌ಪೇಸ್ಟ್ ಯಾವುದೂ ಬೇಡ. ಬಿಸಿನೀರಂತೂ ಇನ್ನೂ ಕೆಟ್ಟದ್ದು, ಒಳಗೆ ಅರಗು ತುಂಬಿದ್ದರೆ ಮೆತ್ತಗಾಗಿ ಕಲ್ಲು ಸಡಿಲವಾಗುತ್ತದೆ. ಅಂಗಡಿಯಲ್ಲಿ ಯಂತ್ರಕ್ಕೆ ಹಾಕಿ ತೊಳೆದುಕೊಡುತ್ತೇವೆ ಎಂದರೂ ಬೇಡವೆನ್ನಿ. ಮಕ್ಕಳ ಮೆತ್ತನೆ ಬ್ರಷ್ ಒಣದಾಗಿ ಆಡಿಸಿ, ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಸೆಂಟು, ಎಣ್ಣೆ, ಹೂವು ಎಲ್ಲ ಮುಗಿದ ಮೇಲೆ ಓಲೆ ಹಾಕಿಕೊಳ್ಳುವ, ಬಂದ ಕೂಡಲೇ ಓಲೆ ಬಿಚ್ಚುವ ಅಭ್ಯಾಸವಿದ್ದರೆ ಹಾಳೆ ಬಹುಕಾಲ ಬಾಳುತ್ತದೆ.

ಸೀರೆ ಅಂಗಡಿಯಲ್ಲಿ ಒಬ್ಬರು "ಇದು ಜರಿ ಅಲ್ಲ, ಬೇಗಡೆ" ಅಂದದ್ದು ಕೇಳಿದೆ. ಮನೆಯಲ್ಲಿ ತಿಳಿಯುವುದು ಹೇಗೆ? — ಓದುಗರು, ದಾವಣಗೆರೆ

ಒಳ್ಳೆಯ ಬಳಕೆ. ಅಪ್ಪಟ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಮೈಸೂರು ಸಿಲ್ಕ್ ಸೀರೆಗಳ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಎಂದು ಹೇಳುತ್ತದೆ. ಅಪ್ಪಟ ಎನ್ನುವಲ್ಲೂ ಚಿನ್ನದ ಪಾಲು ಇಷ್ಟೇ ಎಂಬುದು ಗೊತ್ತಿರಲಿ. ಪೇಟೆಯಲ್ಲಿ "ಟೆಸ್ಟೆಡ್ ಜರಿ" ಎನ್ನುವುದು ತಾಮ್ರದ ತಂತಿಗೆ ಬೆಳ್ಳಿಯ ಲೇಪ. ಮೂರನೆಯದು ಲೋಹದ ಲೇಪವಿರುವ ಪ್ಲಾಸ್ಟಿಕ್ ಪಟ್ಟಿ. ಬೇಗಡೆ ಎಂದಿದ್ದು ಇದನ್ನೇ.

ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳಿಂದ ಒಂದು ಅಂಗುಲ ಜರಿ ಬಿಡಿಸಿಕೊಳ್ಳಿ. ಉಗುರಿನಿಂದ ಸುತ್ತು ಬಿಚ್ಚಿ ಒಳಗಿನ ನೂಲು ನೋಡಿ. ಬಣ್ಣ ಹಾಕಿದ ರೇಷ್ಮೆಯಾದರೆ ಒಳ್ಳೆಯ ಲಕ್ಷಣ. ಸುತ್ತಿನ ಪಟ್ಟಿಯನ್ನು ಒರಟು ಕಲ್ಲಿಗೆ ತಿಕ್ಕಿ: ಬಿಳಿ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಎಳೆಯನ್ನು ಚಿಮುಟದಲ್ಲಿ ಹಿಡಿದು ದೀಪಕ್ಕೆ ತೋರಿಸಿದರೆ ಪ್ಲಾಸ್ಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಪುಡಿಯಾಗಿ, ತಂತಿ ಹಾಗೇ ಉಳಿಯುತ್ತದೆ. ಸೀರೆಯಿಂದ ದೂರದಲ್ಲಿ ಮಾಡಿ. ಬೆಳ್ಳಿ ಎಷ್ಟು, ಚಿನ್ನ ಎಷ್ಟು ಎಂಬುದನ್ನು ಇದರಿಂದ ತಿಳಿಯಲಾಗದು. ಅದಕ್ಕೆ ಯಂತ್ರದ ಪರೀಕ್ಷೆಯೇ ಬೇಕು.

ಬೇಗಡೆ ರಾಗಕ್ಕೂ ಈ ಬೇಗಡೆಗೂ ಸಂಬಂಧವಿದೆಯೇ? — ಸಂಗೀತ ವಿದ್ಯಾರ್ಥಿನಿ, ತುಮಕೂರು

ಹೆಸರು ಒಂದೇ ಎಂದು ರಾಗವನ್ನು ಥಳುಕಿನದೆಂದು ತಿಳಿಯಬೇಡಿ. ಅದು ಕರ್ನಾಟಕ ಸಂಗೀತದ 29ನೇ ಮೇಳ, ಅಂದರೆ ತಾಯಿ ರಾಗ, ಧೀರಶಂಕರಾಭರಣದಿಂದ ಹುಟ್ಟಿದ ಜನ್ಯ ರಾಗ. ಮಧ್ಯಮ, ನಿಷಾದಗಳನ್ನು ಹಿಡಿಯುವ ರೀತಿಯಿಂದಲೇ ಗುರುತಾಗುವ ಗಂಭೀರ ರಾಗ. ಹತ್ತೊಂಬತ್ತನೆಯ ಶತಮಾನದ ವಾಗ್ಗೇಯಕಾರ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅದನ್ನು ಹಾಡುವುದರಲ್ಲಿ ಎಷ್ಟು ಹೆಸರಾಗಿದ್ದರೆಂದರೆ ಅವರನ್ನು "ಬೇಗಡೆ ಸುಬ್ರಹ್ಮಣ್ಯ ಅಯ್ಯರ್" ಎಂದೇ ಕರೆಯುತ್ತಿದ್ದರು. ನಮ್ಮ ಮೈಸೂರು ವಾಸುದೇವಾಚಾರ್ಯರು ಅವರ ಶಿಷ್ಯರು. ಬರೆಯುವಾಗ ಗೊಂದಲ ಬಾರದಿರಲು "ಬೇಗಡೆ ರಾಗ" ಎಂದೇ ಬರೆಯಿರಿ.

ಇಂಗ್ಲಿಷ್ ಕಥೆಯೊಂದನ್ನು ಅನುವಾದಿಸುತ್ತಿದ್ದೇನೆ. ಕ್ರಿಸ್ಮಸ್ ಮರಕ್ಕೆ ಸುತ್ತುವ ಮಿನುಗು ಎಳೆಗೆ ಬೇಗಡೆ ಎನ್ನಬಹುದೇ? ಅದೇ ಪದ ಮುಂದೆ ಒಬ್ಬಳ ಉಡುಪನ್ನು ಹೀಯಾಳಿಸಲೂ ಬರುತ್ತದೆ. — ಅನುವಾದಕಿ, ಮಂಗಳೂರು

ಎರಡೂ ಕಡೆ ಒಂದೇ ಪದ ಬರುವುದು ಮೂಲ ಲೇಖಕರ ಉದ್ದೇಶವಾಗಿದ್ದರೆ ಬೇಗಡೆಗಿಂತ ಒಳ್ಳೆಯ ಪದ ನಿಮಗೆ ಸಿಗದು. ವಸ್ತುವನ್ನೂ ಟೀಕೆಯನ್ನೂ ಒಟ್ಟಿಗೆ ಹೊರುವ ಶಕ್ತಿ ಅದಕ್ಕಿದೆ. ಆದರೆ ಬೇಗಡೆ ಹಾಳೆ, ಎಳೆಯಲ್ಲ. ಮೊದಲ ಸಲ ಬಂದಾಗ "ಬೇಗಡೆ ಎಳೆ" ಅಥವಾ "ಬೇಗಡೆ ಮಾಲೆ" ಎಂದು ರೂಪ ಸ್ಪಷ್ಟಪಡಿಸಿ, ಆಮೇಲೆ ಬರೀ ಬೇಗಡೆ ಸಾಕು. ಉಡುಪಿನ ಜಾಗದಲ್ಲಿ "ಬೇಗಡೆ ಬಟ್ಟೆ" ಎಂದು ವಿಶೇಷಣ ಮಾಡಿಬಿಟ್ಟರೆ ಮಿಂಚುವ ಒಂದು ಜಾತಿಯ ಬಟ್ಟೆ ಎಂದಷ್ಟೇ ಅರ್ಥವಾದೀತು, ಹೀಯಾಳಿಕೆ ಬರದು. "ಮೈಮೇಲೆ ಬೇಗಡೆ ಹಚ್ಚಿಕೊಂಡಂತಿತ್ತು" ಎಂದು ಕ್ರಿಯಾಪದದೊಡನೆ ಕೂರಿಸಿ. ಮಾತಾಡುವವಳು ಇಪ್ಪತ್ತರ ಹುಡುಗಿಯಾದರೆ ಆಕೆಯ ಬಾಯಲ್ಲಿ ಈ ಪದ ಇಂದು ಬರುವುದಿಲ್ಲ, ಅವಳಿಗೆ "ಸಿಕ್ಕಾಪಟ್ಟೆ ಮಿಂಚಿಂಗ್" ಎನ್ನಿಸಿ. ಬೇಗಡೆಯನ್ನು ನಿರೂಪಕರಿಗೋ ಮನೆಯ ಹಿರಿಯರಿಗೋ ಇಟ್ಟುಕೊಳ್ಳಿ.